ಪಾದ್ರಿಗಳು ಹೇಳದ ಪ್ರವಚನ

ನಮ್ಮ ಮನೆಯಲ್ಲಿ ಚರ್ಚಿನ ಭಾನುವಾರದ ಪೂಜೆಗೆ ಪಾಳಿ. ಮೊದಲ ಪೂಜೆಗೆ ಗಂಡ ತನ್ನ ರಿಕ್ಷಾದಲ್ಲಿ ಹೋಗಿಬರುತ್ತಾರೆ, ಎರಡನೆಯದಕ್ಕೆ ನಾನು ನಡೆದು ಹೋಗುತ್ತೇನೆ. ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದ ಅತ್ತೆಯನ್ನು ಒಬ್ಬರೇ ಬಿಡುವಂತಿಲ್ಲ. ಪೂಜೆ ಮುಗಿಯುವವರೆಗೆ ಕುಳಿತಿರಲು ಅವರಿಂದಾಗದು. ಹಾಗಾಗಿ ಇಗರ್ಜಿಗೆ ಹೋದವರು ಬಂದು ಪಾದ್ರಿಗಳ ಪ್ರವಚನವನ್ನು ಅವರಿಗೆ ಹೇಳಬೇಕು. ನಮ್ಮ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಮಲಗಿದವರಿಗೆ ಇದು ಮದ್ದಿನಷ್ಟೇ ಮುಖ್ಯ. ಗಂಡನೋ, ಪ್ರವಚನ ಶುರುವಾದ ಕೂಡಲೇ ತೂಕಡಿಸುವ ಗಿರಾಕಿ. ಅಮ್ಮ ಕೇಳಿದರೆ "ಒಳ್ಳೇದಿತ್ತು" ಎಂದು ಅಂಗಿ ಬಿಚ್ಚಲು ಹೋಗುತ್ತಾರೆ. ಕೊನೆಗೆ ಆ ಕೆಲಸವೂ ನನ್ನ ತಲೆಗೇ ಬಂತು. ಈ ಮನೆಯಲ್ಲಿ ಯಾವ ಕೆಲಸ ತಾನೇ ಬರಲಿಲ್ಲ.

ನಾನೇನು ದೊಡ್ಡ ಭಕ್ತೆಯಲ್ಲ. ಇಗರ್ಜಿಯಲ್ಲಿ ಮೊಣಕಾಲೂರಿದಾಗ ನನ್ನ ತಲೆಯಲ್ಲಿ ಓಡುವುದೇ ಬೇರೆ. ಗ್ಯಾಸ್ ಆರಿಸಿದೆನೋ ಇಲ್ಲವೋ, ಮುಂದಿನ ಬೆಂಚಿನವಳ ಸೀರೆ ಹೊಸದೋ ಹಳೆಯದೋ. ದೇವರು ಹತ್ತಿರ ಇದ್ದಾನೆ ಎಂದು ಅಲ್ಲಿ ನನಗೆ ಅನಿಸಿದ್ದೇ ಕಡಿಮೆ. ನಾಚಿಕೆಯ ಮಾತು, ಯಾರಿಗೂ ಹೇಳಿದವಳಲ್ಲ.

ವರ್ಕಾಡಿ ಕಡೆಯ ನಮ್ಮ ಮನೆಯಿಂದ ಇಗರ್ಜಿಗೆ ಹೋಗಲು ಪದವು ದಾಟಬೇಕು. ಪದವು ಎಂದರೆ ಮುರಕಲ್ಲಿನ ದೊಡ್ಡ ಬಯಲು. ಬೇಸಿಗೆಯಲ್ಲಿ ಕಾದ ಕಾವಲಿ. ಈ ಸಲ ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬವಾದ ತೆನೆಹಬ್ಬಕ್ಕೆ ಮುಂಚಿನ ಭಾನುವಾರ ಮಳೆ ಬಿಟ್ಟು ಎಳೆ ಬಿಸಿಲು ಬಂದಿತ್ತು. ಪದವು ಹತ್ತಿ ನೋಡಿದರೆ ಕಲ್ಲಿನ ಮೇಲೆಲ್ಲ ತೆಳ್ಳಗೆ ನೀರು, ನೀರಿನ ತುಂಬ ನೀಲಿ ಹೂ. ಒಂದೊಂದು ಹೂ ಕಿರುಬೆರಳಿನ ಉಗುರಿನಷ್ಟೂ ಇಲ್ಲ. ಹಬ್ಬದ ಮುಂಚಿನ ದಿನಗಳಲ್ಲಿ ಮಕ್ಕಳು ಮರಿಯಮ್ಮನವರಿಗೆ ಹಾಕಲು ಊರ ಹೂವನ್ನೆಲ್ಲ ಕೊಯ್ಯುತ್ತಾರೆ, ಇದೊಂದನ್ನು ಬಿಟ್ಟು. ಕಿತ್ತರೆ ಕೈಯಲ್ಲೇ ಬಾಡುತ್ತದೆ.

ನಾನು ಚಪ್ಪಲಿ ಕಳಚಿ ಅಲ್ಲೇ ನಿಂತೆ. ಗಾಳಿ ಬಂದಾಗ ಆ ಬಯಲಿಡೀ ಒಟ್ಟಿಗೆ ತಲೆಬಾಗಿ ಎದ್ದಿತು. ಯಾರೂ ನೆಡದ, ನೋಡಲು ಯಾರೂ ಬಾರದ ಈ ಹೂಗಳನ್ನು ಇಷ್ಟು ಮನಸ್ಸಿಟ್ಟು ಮಾಡಿದವನು ಇಲ್ಲೇ ಇದ್ದಾನೆ ಅನಿಸಿತು. ಅನಿಸಿತು ಎಂದರೆ ಕಡಿಮೆಯಾಯಿತು. ಇದ್ದ. ಯಾಕೋ ಅಳು ಬಂತು, ಕಲ್ಲಿನ ಮೇಲೆ ಕುಳಿತು ಚೆನ್ನಾಗಿ ಅತ್ತುಬಿಟ್ಟೆ. ಇಗರ್ಜಿಯ ಗಂಟೆ ಕೇಳಿಸಿತು, ಏಳಲಿಲ್ಲ. ಪೂಜೆ ಮುಗಿಸಿ ಬರುವವರ ಮಾತು ದೂರದಲ್ಲಿ ಕೇಳಿಸಿದಾಗಲೇ ಎಚ್ಚರವಾದದ್ದು. ಪೂಜೆ ತಪ್ಪಿತ್ತು.

ಮನೆಗೆ ಬಂದವಳನ್ನು ಅತ್ತೆ ಎಂದಿನಂತೆ ಕೇಳಿದರು. "ಪಾದ್ರಿಗಳು ಎಂತ ಹೇಳಿದ್ರು ಇವತ್ತು?"

ಹೋಗಲಿಲ್ಲ ಎಂದು ಹೇಳುವಷ್ಟು ಧೈರ್ಯ ನನಗೆ ಎಲ್ಲಿಂದ ಬರಬೇಕು? ಆ ಮುದುಕಿ ಭಾನುವಾರದ ಪೂಜೆ ತಪ್ಪಿಸುವುದನ್ನು ಕೊಲೆಗೆ ಸಮ ಎಂದು ತಿಳಿದವರು. ಬಾಯಿಗೆ ಬಂದದ್ದನ್ನು ಹೇಳಿದೆ. ಪದವಿನಲ್ಲಿ ಯಾರೂ ನೆಡದ ನೀಲಿ ಹೂ ಉಂಟು, ಯಾರ ಕಣ್ಣಿಗೂ ಬೀಳದ ಅವುಗಳ ಹತ್ತಿರವೂ ದೇವರು ಕೂತಿರುತ್ತಾನೆ, ಒಂದನ್ನೂ ಮರೆಯುವುದಿಲ್ಲ, ಹೀಗೆಲ್ಲ ಪಾದ್ರಿಗಳು ಹೇಳಿದರು ಎಂದೆ. ಅತ್ತೆ ಕಣ್ಣು ಮುಚ್ಚಿ ಕೇಳಿದರು.

"ಇನ್ನೊಮ್ಮೆ ಹೇಳು ಮಾರಾಯ್ತಿ," ಎಂದರು.

ಆ ವಾರವಿಡೀ ಅದನ್ನೇ ಹೇಳಿಸಿದರು. ಗಂಜಿ ಕುಡಿಸುವಾಗ, ತಲೆ ಬಾಚುವಾಗ. ಹೇಳಿದಷ್ಟೂ ನನ್ನ ಪ್ರವಚನ ಉದ್ದವಾಯಿತು, ನಾಚಿಕೆಯೂ ಉದ್ದವಾಯಿತು. ನನ್ನ ಮಾತಿಗೆ ಅವರ ಮುಖ ಅರಳುವುದನ್ನು ಕಂಡು ಒಳಗೊಳಗೇ ಬೀಗಿದ್ದೂ ಉಂಟು, ಸುಳ್ಳು ಯಾಕೆ.

ಮುಂದಿನ ತಿಂಗಳ ಮೊದಲ ಶುಕ್ರವಾರ ಪಾದ್ರಿಗಳು ಹಾಸಿಗೆ ಹಿಡಿದವರಿಗೆ ಪ್ರಸಾದ ಕೊಡಲು ನಮ್ಮಲ್ಲಿಗೂ ಬಂದರು. ಸಣ್ಣ ಮೇಜಿಗೆ ಬಿಳಿ ಬಟ್ಟೆ ಹಾಸಿ, ಮೇಣದ ಬತ್ತಿ ಹಚ್ಚಿ ನಾನು ಪಕ್ಕದಲ್ಲಿ ನಿಂತಿದ್ದೆ. ಎಲ್ಲ ಮುಗಿದ ಮೇಲೆ ಅತ್ತೆ ಅವರ ಕೈ ಹಿಡಿದುಕೊಂಡರು.

"ಪಾದ್ರಿಗಳೇ, ತೆನೆಹಬ್ಬಕ್ಕೆ ಮುಂಚಿನ ಭಾನುವಾರದ ಆ ಪದವಿನ ಹೂವಿನ ಪ್ರವಚನ ಉಂಟಲ್ಲ, ಅಂಥದ್ದು ನಾನು ಹುಟ್ಟಿದ ಮೇಲೆ ಕೇಳಿದ್ದಿಲ್ಲ."

ಪಾದ್ರಿಗಳು ತಬ್ಬಿಬ್ಬಾದರು. "ಯಾವ ಹೂವು ಬಾಯಮ್ಮ? ಹಬ್ಬದ ದಿನ ಮಕ್ಕಳು ಸಾಲಿನಲ್ಲಿ ದೂಡಾಡಬಾರದು ಅಂತ ಹೇಳಿದ್ದೆ ನಾನು." ಹೇಳುತ್ತ ಹೇಳುತ್ತ ನನ್ನ ಕಡೆ ತಿರುಗಿದರು. ನನ್ನ ಮುಖ ನೋಡಿದವರಿಗೆ ಮತ್ತೇನೂ ಕೇಳುವ ಅಗತ್ಯ ಇರಲಿಲ್ಲ. ನಿಂತಲ್ಲೇ ಭೂಮಿ ಬಾಯಿಬಿಡಬಾರದೇ ಎನಿಸಿತು. ಎಲ್ಲವನ್ನೂ ಹೇಳಿದೆ, ಪೂಜೆ ತಪ್ಪಿಸಿದ್ದು, ಪದವಿನಲ್ಲಿ ಕೂತದ್ದು, ಅತ್ತದ್ದು ಸಹ. ಪಾದ್ರಿಗಳು ಬೈಯಲಿಲ್ಲ. "ಶನಿವಾರ ಪಾಪನಿವೇದನೆಗೆ ಬನ್ನಿ," ಎಂದಷ್ಟೇ ಹೇಳಿ ಹೊರಟರು.

ಇನ್ನು ಅತ್ತೆಯ ಸರದಿ ಎಂದು ಬಿಳಿ ಬಟ್ಟೆ ಮಡಚುತ್ತ ಕಾದೆ. ಪೂಜೆಯ ಸುದ್ದಿಯನ್ನೇ ಅವರು ಎತ್ತಲಿಲ್ಲ.

"ಆ ಹೂ ಈಗ ಉಂಟಾ?"

"ಇಲ್ಲ ಮಾಯಿ. ನೀರು ಆರಿತು, ಅದೂ ಹೋಯ್ತು."

"ಪೂಜೆಗೆ ಕೂತುಕೊಳ್ಳಲಿಕ್ಕೆ ನನ್ನಿಂದ ಆಗುದಿಲ್ಲ ಸರಿ. ಡಾಕ್ಟರಲ್ಲಿಗೆ ರಿಕ್ಷಾದಲ್ಲಿ ಕರ್ಕೊಂಡು ಹೋಗ್ತೀರಿ. ಪದವಿಗೆ ಅಷ್ಟು ದೂರವೂ ಇಲ್ಲ. ಅದನ್ನು ನೋಡುವಾಗ ನನ್ನ ನೆನಪು ಆಗಲಿಲ್ವಾ ನಿಂಗೆ?"

ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ.

"ಆಗಲಿಲ್ಲ ಮಾಯಿ."

ದೇವರೇ ಎದುರಿಗಿದ್ದ ಅಷ್ಟು ಹೊತ್ತು, ಇವರು ಒಂದು ಕ್ಷಣ ನನ್ನ ಮನಸ್ಸಿಗೆ ಬಂದಿರಲಿಲ್ಲ. ಆಮೇಲಿನ ವಾರವಿಡೀ ಹೂವಿನ ಕಥೆ ಹೇಳಿಸಿಕೊಂಡಾಗಲೂ, ಹೂ ಇನ್ನೂ ಅಲ್ಲೇ ಅರಳಿದ್ದಾಗಲೂ, ಕರೆದುಕೊಂಡು ಹೋಗೋಣ ಎಂದು ಹೊಳೆದಿರಲಿಲ್ಲ. ಅತ್ತೆ "ಆಯ್ತು" ಎಂದು ಗೋಡೆಯ ಕಡೆ ಮುಖ ತಿರುಗಿಸಿದರು.

ಶನಿವಾರ ಹೋಗಿ ಪಾಪನಿವೇದನೆ ಮಾಡಿದೆ. ಪೂಜೆ ತಪ್ಪಿಸಿದ್ದನ್ನು ಹೇಳಿದೆ, ಸುಳ್ಳಾಡಿದ್ದನ್ನು ಹೇಳಿದೆ. "ಮತ್ತೇನಾದರೂ ಉಂಟಾ?" ಎಂದು ಪಾದ್ರಿಗಳು ಕೇಳಿದರು. ಇಲ್ಲ ಎಂದು ಎದ್ದುಬಂದೆ.