ಕೊನೆಯ ನಾಲ್ಕು ಹಾಳೆ

ಓದು ಬಾರದ ಹೆಂಗಸೊಬ್ಬಳು ಮೂವತ್ತು ವರ್ಷ ಮಕ್ಕಳ ಕಥೆಪುಸ್ತಕಗಳ ಬೇಕರಿ ನಡೆಸಿದಳು ಎಂದರೆ ಯಾರಾದರೂ ನಂಬುತ್ತಾರೆಯೇ? ಆ ಬೀದಿಯವರಿಗಂತೂ ಅವಳಿಗೆ ಓದು ಬಾರದೆಂಬುದೇ ಗೊತ್ತಿರಲಿಲ್ಲ. ಅವರ ಪಾಲಿಗೆ ಬೇಕರಿಯಕ್ಕ ಎಂದರೆ ಹಳೆಯ ಕಥೆಗಳನ್ನೆಲ್ಲ ಅರೆದು ಕುಡಿದವಳು. ಅವಳ ಗಾಜಿನ ಕಪಾಟಿನಲ್ಲಿ ಬರೀ ಬನ್ನು, ಬಿಸ್ಕತ್ತು ಇರುತ್ತಿರಲಿಲ್ಲ. ದೋಣಿ ಹತ್ತಿ ಊರು ಬಿಟ್ಟ ಕೋಳಿ ಕಟ್ಟಿಕೊಂಡಿದ್ದ ಎಳ್ಳಿನ ಬನ್ನು, ಕತ್ತಲಿಗೆ ಹೆದರುವ ಆನೆ ದಿಂಬಿನಡಿ ಇಟ್ಟುಕೊಳ್ಳುತ್ತಿದ್ದ ಚಂದ್ರನ ಬಿಸ್ಕತ್ತು, ಹೀಗೆ ಒಂದೊಂದಕ್ಕೂ ಒಂದೊಂದು ಪುಸ್ತಕದ ಹೆಸರು. ಗಂಡನ ಕೆಲಸ ಕಟ್ಟಿಕೊಡುವುದು, ಹರಟುವುದು. ಅಕ್ಕನ ಗಂಡ ಭಾವನಲ್ಲದೆ ಇನ್ನೇನು? ಎಪ್ಪತ್ತು ದಾಟಿದ ಅವನನ್ನು ಎಂಟು ವರ್ಷದ ಮಕ್ಕಳೂ ಭಾವ ಎಂದೇ ಕರೆಯುತ್ತಿದ್ದವು.

ಅವಳು ಏಳನೆಯ ವಯಸ್ಸಿಗೇ ಹಿಟ್ಟು ನಾದಲು ನಿಂತವಳು. ಶಾಲೆಯ ಮೆಟ್ಟಿಲು ಹತ್ತಿದ್ದು ಅಲ್ಲಿಗೆ ಬ್ರೆಡ್ಡು ಕೊಡುವುದಕ್ಕೆ ಮಾತ್ರ. ಮದುವೆಯಾದ ಮೊದಲ ವಾರ ಭಾವ ಯಾವುದೋ ಕಾಗದ ಕೊಟ್ಟು "ಇದೇನು ಬರ್ದಿದ್ದಾರೆ ನೋಡೇ" ಎಂದಿದ್ದ. "ಕೈಯೆಲ್ಲ ಹಿಟ್ಟಾಗಿದೆ, ನೀವೇ ಓದಿ" ಎಂದಳು. ಅಂದಿನಿಂದ ಓದುವ ಮಾತು ಬಂದಾಗಲೆಲ್ಲ ಅವಳ ಕೈ ಹಿಟ್ಟಾಗಿಯೇ ಇರುತ್ತಿತ್ತು. ಆ ಪುಣ್ಯಾತ್ಮ ಒಂದು ದಿನವೂ ಕೈ ತೊಳೆದುಕೋ ಎನ್ನಲಿಲ್ಲ. ಬದಲಿಗೆ ಲೈಬ್ರರಿಯಿಂದ ಮಕ್ಕಳ ಪುಸ್ತಕ ತಂದು, ಒಲೆಯ ಪಕ್ಕದ ಸ್ಟೂಲಿನ ಮೇಲೆ ಕೂತು, ಜೋರಾಗಿ ಓದತೊಡಗಿದ. ಅವಳು ಕೇಳುತ್ತ ಲಟ್ಟಿಸಿದಳು. ಬೇಕರಿಗೆ ಹೆಸರು ಬಂದದ್ದು ಹಾಗೆ.

ಓದಿಗೆ ಅವಳದೇ ಒಂದು ಕಟ್ಟುನಿಟ್ಟು. ಟ್ರೇ ಒಲೆಯೊಳಗೆ ಹೋದ ಮೇಲೆ ಶುರು, ಬೆಂದಿತೆಂದು ಒಲೆಯ ಟೈಮರಿನ ಗಂಟೆ ಬಾರಿಸಿದ ಕೂಡಲೇ ಬಂದ್. ಕಥೆ ಎಂಥ ಜಾಗದಲ್ಲಿದ್ದರೂ ಸರಿ, ಭಾವ ಹಾಳೆಗಳ ನಡುವೆ ಬೆಂಕಿಕಡ್ಡಿ ಇಟ್ಟು ಮುಚ್ಚಬೇಕು. ಮೂವತ್ತು ವರ್ಷದಲ್ಲಿ ಅವಳ ಒಂದು ಟ್ರೇಯೂ ಸುಟ್ಟಿರಲಿಲ್ಲ. ಆ ಜಂಬ ಅವಳಿಗೆ ಬೇಕಾದಷ್ಟಿತ್ತು.

ಕೊನೆಕೊನೆಗೆ ಒಂದೆರಡು ಮಕ್ಕಳು ತಕರಾರು ತೆಗೆದದ್ದುಂಟು. "ಅಕ್ಕಾ, ಆ ಪುಸ್ತಕದಲ್ಲಿ ಜೇನಿನ ಕೇಕೇ ಇಲ್ಲ, ನಾನು ಓದಿದೀನಿ" ಎಂದಳು ಎರಡು ಜಡೆಯ ಹುಡುಗಿಯೊಬ್ಬಳು.

"ನೆಟ್ಟಗೆ ಓದು ಮರಿ. ಎಲ್ಲೋ ಹಾಳೆ ಹಾರಿಸಿದೀಯ" ಎಂದಳು ಅಕ್ಕ. ಕಟ್ಟಿಕೊಡುತ್ತಿದ್ದ ಭಾವನಿಗೆ ಆಗಲೇ ಕೆಮ್ಮು ಬಂತು.

ಕಡೆಯ ಪುಸ್ತಕ ಆಮೆಯದು. ಹಳೆಯ ಪುಸ್ತಕ, ಒಳಗೆ ಚಿತ್ರವಿಲ್ಲ. ರಟ್ಟಿನ ಮೇಲೆ ಮಾತ್ರ ಹೆಗಲಿಗೆ ಚೀಲ ಹಾಕಿಕೊಂಡ ಒಂದು ಆಮೆ. ಭಾವ ಓದಿದ ಪ್ರಕಾರ ಅದು ಟಪಾಲಿನ ಆಮೆ. ಅದರ ಚೀಲದಲ್ಲಿ ಒಂದೇ ಒಂದು ಪತ್ರ. ಯಾರ ಮನೆಗೆ ಹೋದರೂ ಅವರು ತಿನ್ನಲು ಏನಾದರೂ ಕೊಟ್ಟು, ಈ ಪತ್ರ ನಮ್ಮದಲ್ಲ ಎಂದು ಮುಂದಕ್ಕೆ ಕಳಿಸುತ್ತಿದ್ದರು. ಕಪ್ಪೆಯ ಮನೆಯ ಶುಂಠಿ ಬಿಸ್ಕತ್ತು, ಗೂಬೆಯ ಮನೆಯ ಬಾದಾಮಿ ಕೇಕು, ಎಲ್ಲವನ್ನೂ ಅಕ್ಕ ಮಾಡಿದಳು. ಪತ್ರದ ಮೇಲೆ ಹೆಸರಿರಲಿಲ್ಲ. ವಿಳಾಸವೆಂದು ಇದ್ದದ್ದು ಇಷ್ಟೇ: ನೀಲಿ ಬಾಗಿಲಿನ ಮನೆ, ದೂರದಿಂದಲೇ ಬೆಣ್ಣೆಯ ವಾಸನೆ ಬರುತ್ತದೆ, ಮನೆಯಾಕೆ ಮೊದಲು ಬೈಯುತ್ತಾಳೆ, ಆಮೇಲೆ ತಿನ್ನಲು ಕೊಡುತ್ತಾಳೆ.

"ಯಾರಪ್ಪಾ ಆ ಬಜಾರಿ. ಬೈದು ಕೊಟ್ರೆ ತಿಂದಿದ್ದು ಅರಗುತ್ತಾ?" ಎಂದು ಅಕ್ಕ ನಕ್ಕಿದ್ದಳು.

"ಅರಗುತ್ತೆ ಕಣೇ. ಅಭ್ಯಾಸ ಆಗ್ಬೇಕು ಅಷ್ಟೇ" ಎಂದ ಭಾವ.

ಅಷ್ಟರಲ್ಲಿ ಗಂಟೆ ಬಾರಿಸಿತು. ಭಾವ ಉಳಿದ ಹಾಳೆಗಳನ್ನು ಹೆಬ್ಬೆರಳಿನಲ್ಲಿ ಸವರಿ ಎಣಿಸಿದ. "ಇನ್ನು ನಾಲ್ಕೇ ಹಾಳೆ. ಆಮೆ ಬಾಗಿಲು ತಟ್ಟಿದೆ. ಮುಗಿಸಿಬಿಡ್ಲಾ?"

"ಟ್ರೇ ಸುಟ್ಟುಹೋಗುತ್ತೆ ರೀ. ನಾಳೆ ಓದಿ. ಪುಸ್ತಕಕ್ಕೇನು ಕಾಲು ಬಂದಿದೆಯಾ ಓಡಿಹೋಗೋಕೆ?"

ಪುಸ್ತಕ ಎಲ್ಲಿಗೂ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಮುಖ ತೊಳೆಯಲು ಹೋದ ಭಾವ ಅಲ್ಲೇ ಕುಸಿದ. ಟವೆಲ್ ಹಿಡಿದು ಅಕ್ಕ ಓಡಿಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಎಂಟು ತಿಂಗಳು ಅಕ್ಕ ಬರೀ ಬ್ರೆಡ್ಡು, ರಸ್ಕು ಮಾಡಿದಳು. ಬೆಂಕಿಕಡ್ಡಿ ಇಟ್ಟ ಪುಸ್ತಕ ಮೈದಾ ಡಬ್ಬಿಯ ಪಕ್ಕದಲ್ಲೇ ಇತ್ತು. ದಿನಕ್ಕೊಮ್ಮೆ ತೆರೆದು ಆ ನಾಲ್ಕು ಹಾಳೆ ನೋಡುತ್ತಿದ್ದಳು, ಮುಚ್ಚುತ್ತಿದ್ದಳು. ಪತ್ರ ಯಾರಿಗೆ, ಅದರಲ್ಲಿ ಏನಿತ್ತು, ಇಷ್ಟು ತಿಳಿದರೆ ಅವನ ಕೊನೆಯ ಕಥೆಯ ತಿಂಡಿ ಒಂದು ಮಾಡಿಬಿಡಬಹುದಿತ್ತು. ಅದೊಂದೇ ಅವಳಿಗೆ ಬೇಕಿದ್ದದ್ದು. ಆದರೆ ಓದಿಕೊಡಿ ಎಂದು ಯಾರನ್ನು ಕೇಳುವುದು? ಕೇಳಿದರೆ ಮೂವತ್ತು ವರ್ಷದ ಮರ್ಯಾದೆ ಬೀದಿಪಾಲು.

ಒಂದು ಮಧ್ಯಾಹ್ನ ಲೈಬ್ರರಿ ಮೇಡಂ ತಾವೇ ಬಂದರು. "ಶನಿವಾರ ಮಕ್ಕಳಿಗೆ ಆಮೆ ಪುಸ್ತಕ ಓದ್ಬೇಕು ಅಂತಿದೀವಿ ಅಕ್ಕಾ. ನೀವು ಅದರದ್ದೇ ಏನಾದ್ರೂ ತಿಂಡಿ ಮಾಡ್ಕೊಟ್ರೆ ಚೆನ್ನಾಗಿರುತ್ತೆ."

ಅಕ್ಕ ಕೈ ನೋಡಿಕೊಂಡಳು. ಹಿಟ್ಟಾಗಿತ್ತು. ನಲ್ಲಿಯ ಹತ್ತಿರ ಹೋಗಿ ಎರಡೂ ಕೈ ತೊಳೆದು, ಸೆರಗಿಗೆ ಒರೆಸಿ, ಪುಸ್ತಕ ತಂದು ಕೊಟ್ಟಳು.

"ಮೇಡಂ, ನನಗೆ ಓದೋಕೆ ಬರಲ್ಲ. ಯಾವತ್ತೂ ಬರ್ತಿರ್ಲಿಲ್ಲ. ಕಡ್ಡಿ ಇಟ್ಟಿರೋ ಕಡೆಯಿಂದ ನಾಲ್ಕು ಹಾಳೆ ಓದ್ತೀರಾ?"

ಮೇಡಂ ಭಾವನ ಸ್ಟೂಲಿನ ಮೇಲೆ ಕೂತು ಓದಿದರು. ಆಮೆ ಊರಿನ ದೊಡ್ಡ ಗಡಿಯಾರದ ಗೋಪುರ ಹತ್ತಿತು. ಚೀಲದಿಂದ ಸುತ್ತಿಗೆ, ಎಣ್ಣೆ ತೆಗೆಯಿತು. ಗಡಿಯಾರ ರಿಪೇರಿಯಾಯಿತು, ಊರವರು ಚಪ್ಪಾಳೆ ತಟ್ಟಿದರು, ಆಮೆ ನಿದ್ದೆ ಹೋಯಿತು. ಮುಗಿಯಿತು.

"ಪತ್ರ?" ಎಂದಳು ಅಕ್ಕ.

"ಯಾವ ಪತ್ರ?"

"ಚೀಲದಲ್ಲಿರೋ ಪತ್ರ. ನೀಲಿ ಬಾಗಿಲಿನ ಮನೇದು."

ಮೇಡಂ ಮೊದಲಿಂದ ತಿರುವಿದರು. "ಇದು ಗಡಿಯಾರ ರಿಪೇರಿ ಮಾಡೋ ಆಮೆ ಕಥೆ ಅಕ್ಕಾ. ಪತ್ರ ಎಲ್ಲೂ ಇಲ್ಲ. ಕಪ್ಪೆನೂ ಇಲ್ಲ, ಗೂಬೆನೂ ಇಲ್ಲ." ಆಮೇಲೆ ತಡೆತಡೆದು ಹೇಳಿದರು: "ಭಾವನಿಗೆ ನಾಲ್ಕು ವರ್ಷದಿಂದ ಅಕ್ಷರ ಕಾಣ್ತಿರ್ಲಿಲ್ಲ, ನಿಮಗೆ ಗೊತ್ತಿತ್ತಲ್ವಾ? ಕಣ್ಣಿನ ಡಾಕ್ಟರು ಇನ್ನೇನೂ ಮಾಡೋಕಾಗಲ್ಲ ಅಂದಿದ್ರಂತೆ. ಪ್ರತಿ ಸಲ ಬಂದಾಗ ರಟ್ಟಿನ ಮೇಲೆ ಏನು ಚಿತ್ರ ಇದೆ ಅಂತ ನನ್ನ ಕೇಳೋರು. ಕಣ್ಣು ಕಾಣದೆ ನಿಮಗ್ಯಾಕೆ ಪುಸ್ತಕ ಅಂತ ನಾನು ಕೇಳಿದ್ರೆ, ಓದೋದು ನಮ್ಮ ಮನೆಯವಳು, ನಾನು ಬರೀ ಹೊತ್ಕೊಂಡು ಹೋಗೋನು ಅನ್ನೋರು."

ಮೇಡಂ ಹೋದ ಮೇಲೆ ಅಕ್ಕ ಅದೇ ಸ್ಟೂಲಿನ ಮುಂದೆ ನೆಲದಲ್ಲಿ ಕೂತಳು. ಜೇನಿನ ಕೇಕು ಯಾವ ಪುಸ್ತಕದಲ್ಲೂ ಇರಲಿಲ್ಲ. ಆ ಹುಡುಗಿ ಹಾಳೆ ಹಾರಿಸಿರಲಿಲ್ಲ. ನಾಲ್ಕು ವರ್ಷ ಅವನು ಏನೂ ಕಾಣದ ಹಾಳೆಗಳನ್ನು ಲೆಕ್ಕ ತಪ್ಪದೆ ತಿರುವುತ್ತ, ಅವಳಿಗೆ ಮಾಡಲು ಒಂದು ತಿಂಡಿ ಇರಲೆಂದು, ಬಾಯಿಗೆ ಬಂದ ಕಥೆ ಕಟ್ಟಿದ್ದ. ಅದೇ ನಾಲ್ಕು ವರ್ಷ ಅವನು ಟ್ರೇಗೆ ಕಾಲು ತಾಗಿಸಿಕೊಂಡಾಗ, ಸಕ್ಕರೆ ಡಬ್ಬಿಗೆ ಉಪ್ಪು ಸುರಿದಾಗ, "ಕಣ್ಣು ಕಾಣಲ್ವಾ ನಿಮಗೆ?" ಎಂದು ಅವಳು ಬೈದಿದ್ದಳು. ಬೈದು ಆಮೇಲೆ ತಟ್ಟೆಯಲ್ಲಿ ಏನಾದರೂ ಹಾಕಿ ಕೊಟ್ಟಿದ್ದಳು.

ತಲೆ ಎತ್ತಿ ಬಾಗಿಲು ನೋಡಿದಳು. ಮದುವೆಯ ವರ್ಷ ಭಾವನೇ ಬಳಿದ ನೀಲಿ, ಚಿಲಕದ ಹತ್ತಿರ ಅಲ್ಲಲ್ಲಿ ಎದ್ದಿತ್ತು. ಆಮೆ ಬಂದು ಬಾಗಿಲು ತಟ್ಟಿತ್ತು. ಪತ್ರ ಅವಳದೇ ಆಗಿತ್ತು. ನಾಳೆ ಬಾ ಎಂದು ಕಳಿಸಿದವಳೂ ಅವಳೇ. ಇನ್ನು ಅದನ್ನು ಓದಿ ಹೇಳುವವರು ಈ ಭೂಮಿಯ ಮೇಲೆ ಯಾರೂ ಇಲ್ಲ. ಅಕ್ಷರ ಕಲಿತರೂ ಉಪಯೋಗವಿಲ್ಲ. ಆ ಮುದುಕಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಶನಿವಾರ ಬೆಳಿಗ್ಗೆ ಅವಳು ಹಿಟ್ಟು ಲಟ್ಟಿಸಿ ಚೌಕ ಕತ್ತರಿಸಿದಳು. ನಾಲ್ಕು ಮೂಲೆ ಒಳಕ್ಕೆ ಮಡಚಿದರೆ ಲಕೋಟೆ. ಮಕ್ಕಳಿಗೆ ಮೂವತ್ತು ಲಕೋಟೆ ಜಾಮು ತುಂಬಿ ಬೇಯಿಸಿ ಪೆಟ್ಟಿಗೆಗೆ ಹಾಕಿದಳು. ಆಮೇಲೆ ಚಿಕ್ಕ ಟ್ರೇಯಲ್ಲಿ ಒಂದೇ ಒಂದು ಇಟ್ಟು, ಅದರೊಳಗೆ ಏನೂ ತುಂಬದೆ, ಒಲೆಗೆ ತಳ್ಳಿದಳು. ಪುಸ್ತಕವನ್ನು ಸ್ಟೂಲಿನ ಮೇಲೆ ಕಡ್ಡಿ ಇದ್ದ ಕಡೆ ತೆರೆದಿಟ್ಟು ಎದುರಿಗೆ ಕೂತಳು.

ಗಂಟೆ ಬಾರಿಸಿತು. ಅವಳು ಏಳಲಿಲ್ಲ. ಬೆಣ್ಣೆಯ ವಾಸನೆ ಕಮಟಾಯಿತು, ಒಲೆಯ ಸಂದಿಯಿಂದ ಹೊಗೆ ಬಂತು.

"ಸುಟ್ರೆ ಸುಡ್ಲಿ ರೀ" ಎಂದಳು. "ನೀವು ಓದಿ."