ಮಾನಪ್ಪ ಕಾಕಾನ ಮಸೆಗಲ್ಲು

ಮಾನಪ್ಪ ಕಾಕಾ ಮನುಷ್ಯರ ಮುಖ ನೋಡುವ ಮೊದಲು ಕೈ ನೋಡುತ್ತಿದ್ದ. ಉಗುರಲ್ಲಿ ಮಣ್ಣು, ಅಂಗೈಯಲ್ಲಿ ಜಿಡ್ಡು ಕಂಡರೆ ಮುಗಿಯಿತು, ಅರ್ಧ ತಿರುಗಿಕೊಂಡು ನಿಲ್ಲುತ್ತಿದ್ದ. ಇಚಲಕರಂಜಿಯಂಥ ಮಗ್ಗದ ಊರಿನಲ್ಲಿ ಜಿಡ್ಡಿಲ್ಲದ ಕೈ ಎಲ್ಲಿ ಸಿಗಬೇಕು? ಹೀಗಾಗಿ ಊರಿಗೆ ಊರನ್ನೇ ಅವನು ಅರ್ಧ ತಿರುಗಿಕೊಂಡು ಮಾತಾಡಿಸುತ್ತಿದ್ದ. ಅಷ್ಟು ಸೊಕ್ಕಿನ ಬಡಿಗನನ್ನು ನಾನು ಮತ್ತೆ ಕಂಡಿಲ್ಲ.

ಅರವತ್ತನೆಯ ಇಸವಿಯ ಆಸುಪಾಸಿನಲ್ಲಿ ನಾನು ದತ್ತವಾಡದಿಂದ ಮದುವೆಯಾಗಿ ಬಂದಾಗ ನಮ್ಮದೂ ಅವನದೂ ಒಂದೇ ಅಂಗಳ. ನನ್ನ ಗಂಡ ಮಗ್ಗ ನಡೆಸುತ್ತಿದ್ದರು, ಕಾಕಾ ಮಗ್ಗಗಳಿಗೆ ಲಾಳಿ ಮಾಡುತ್ತಿದ್ದ. ಲಾಳಿಯ ಮೈಮೇಲೆ ಕೂದಲೆಳೆಯಷ್ಟು ಸಿಬಿರು ಉಳಿದರೂ ನೂಲು ಹರಿಯುತ್ತದೆ. ಕಾಕಾನ ಲಾಳಿಯಿಂದ ನೂಲು ಹರಿಯಿತು ಎಂದು ಯಾರೂ ಹೇಳಿದ್ದಿಲ್ಲ. ಅದಕ್ಕೆ ಕಾರಣ ಅವನ ಉಳಿಯ ಹರಿತ, ಹರಿತಕ್ಕೆ ಕಾರಣ ಒಂದು ಕಲ್ಲು.

ಗೇಣುದ್ದದ ಕರೀ ಕಲ್ಲು. ಅವನ ಅಜ್ಜ ಹಿರಣ್ಯಕೇಶಿಯ ಮಡುವಿನಿಂದ ಎತ್ತಿ ತಂದದ್ದಂತೆ. ಅದರ ಚಾಕರಿ ಒಂದೆರಡಲ್ಲ. ಬಿಸಿಲು ಬಿದ್ದರೆ ಸೀಳುತ್ತದೆ, ಧೂಳು ಬಿದ್ದರೆ ಗೀರುತ್ತದೆ, ನಡುವೆ ಸವೆದರೆ ಉಳಿ ಡೊಂಕಾಗುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ಅದನ್ನು ಒರಟು ಚಪ್ಪಡಿಯ ಮೇಲೆ ಉಜ್ಜಿ ಸಪಾಟು ಮಾಡಬೇಕು. ಗಾಳಿಯ ಧೂಳಿಗೆ ಹೆದರಿ ಅವನು ಕೋಣೆಯ ಬಾಗಿಲು ಹಾಕಿಕೊಂಡೇ ಉಳಿ ಮಸೆಯುತ್ತಿದ್ದ. ಅಂಗಡಿಯಲ್ಲಿ ಮಾರುವ ಮಸೆಗಲ್ಲಿನ ಮಾತೆತ್ತಿದರೆ ಉಗುಳುತ್ತಿದ್ದ.

ಒಮ್ಮೆ ಮಗ್ಗದ ಮಾಲೀಕನೊಬ್ಬ ತನ್ನ ಚಾಕುವಿಗೆ ಸಾಣೆ ಹಿಡಿಸಲು ಬಂದನಂತೆ.

"ಇದರಲೆ ಏನ ಕೊಯ್ತೀರಿ?" ಎಂದ ಕಾಕಾ.

"ಪೇರಲ ಹಣ್ಣು."

"ಪೇರಲ ತಿನ್ನಾಕ ದೇವರು ಹಲ್ಲ ಕೊಟ್ಟಾನ. ಹೋಗ್ರಿ." ಆತ ಕಲ್ಲಿನತ್ತ ಕೈ ಚಾಚಿದಾಗ ಮುಟ್ಟಬೇಡಿ ಎಂದು ಕಾಕಾ ಮರಾಠಿಯಲ್ಲಿ ಚೀರಿದನಂತೆ, "ಹಾತ ಲಾವೂ ನಕಾ!"

ಇದೆಲ್ಲ ನನ್ನ ಗಂಡ ಹೇಳಿದ್ದು, ಅದೂ ಎಲ್ಲ ಮುಗಿದ ಮೇಲೆ. ಹೊಸದಾಗಿ ಬಂದ ನನಗೆ ಕಂಡದ್ದೇ ಬೇರೆ. ಕಾಕಾ ಬೆಳಿಗ್ಗೆ ಕೈ ತೊಳೆದು, ಚಪ್ಪಲಿ ಬಿಟ್ಟು, ಬಚ್ಚಲ ಗೋಡೆಯ ಗೂಡಿನಲ್ಲಿದ್ದ ಕರೀ ಕಲ್ಲಿನ ಮೇಲೆ ನೀರು ಹಾಕುತ್ತಿದ್ದ. ಶುಭ್ರ ಬಟ್ಟೆಯಿಂದ ಒರೆಸಿ ಒಳಗೆ ಒಯ್ಯುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಗೂಡಿಗೆ ತಂದು ಒದ್ದೆ ಬಟ್ಟೆಯ ಮೇಲೆ ಕೂರಿಸಿ ಕೆಲಸಕ್ಕೆ ಹೋಗುತ್ತಿದ್ದ. ನಾನು ಅದನ್ನು ಮಾರುತಿ ದೇವರೆಂದು ತಿಳಿದೆ. ತವರಿನಲ್ಲಿ ಶನಿವಾರ ತಪ್ಪದೆ ಮಾರುತಿಗೆ ಎಣ್ಣೆ ಹಾಕಿದವಳು ನಾನು. ಇಲ್ಲಿ ಗುಡಿಗೆ ಹೋಗಲು ಅತ್ತೆ ಬಿಡುತ್ತಿರಲಿಲ್ಲ. ಅಂಗಳದಲ್ಲೇ ದೇವರು ಸಿಕ್ಕನಲ್ಲ ಎಂದು ಹಿಗ್ಗಿದೆ. ಆದರೆ ಆ ಸಿಡುಕ ತನ್ನ ದೇವರನ್ನು ಮುಟ್ಟಲು ಬಿಟ್ಟಾನೆಯೇ? ಅವನಿಲ್ಲದಾಗ ಒಂದು ಹನಿ ಎಣ್ಣೆ ಹಾಕಿ, ಕಾಣದಂತೆ ಸೆರಗಿನಿಂದ ತಿಕ್ಕಿಬಿಡುತ್ತಿದ್ದೆ. ಕಲ್ಲು ಕುಡಿದುಬಿಡುತ್ತಿತ್ತು. ತಪಕೀರು ನಶ್ಯ ಏರಿಸಿ ಏರಿಸಿ ಸತ್ತಿದ್ದ ಅವನ ಮೂಗಿಗೆ ವಾಸನೆಯೂ ಹತ್ತಲಿಲ್ಲ. ಅವನ ಕಣ್ಣು ತಪ್ಪಿಸಿದೆನೆಂದು ನನಗೆ ಹೆಮ್ಮೆ ಬೇರೆ, ದಡ್ಡಿಗೆ!

ನಾಲ್ಕು ವಾರಕ್ಕೆ ಕಾಕಾ ಬಾಡತೊಡಗಿದ. ಉಳಿ ಕಲ್ಲಿನ ಮೇಲೆ ಬರೀ ಜಾರುತ್ತಿತ್ತಂತೆ, ಅಲಗು ಏಳುತ್ತಿರಲಿಲ್ಲವಂತೆ. ಮೊದಲು ಕಬ್ಬಿಣವನ್ನು ಬೈದ. ಆಮೇಲೆ ಕಣ್ಣನ್ನು ಬೈದು ಕೊಲ್ಲಾಪುರಕ್ಕೆ ಹೋಗಿ ಚಾಳೀಸು ಕನ್ನಡಕ ತಂದ. ಒಂದು ಸಂಜೆ ಕಟ್ಟೆಯ ಮೇಲೆ ಕೂತು ಕೈ ತಿರುಗಿಸಿ ನೋಡಿಕೊಳ್ಳುತ್ತ ನನ್ನ ಗಂಡನಿಗೆ ಹೇಳಿದ, "ಕೈ ಹೋತೋ. ನನ್ನ ಲಾಳಿಗೆ ಇವತ್ತ ನೂಲ ಹರದೈತಿ. ಇನ್ನ ಹತ್ಯಾರ ಮುಟ್ಟೂದಿಲ್ಲ." ಊರನ್ನೆಲ್ಲ ಹೀಗಳೆದ ಮನುಷ್ಯ ಹಾಗೆ ಕೂತದ್ದನ್ನು ನೋಡಲಾಗಲಿಲ್ಲ. ಪಾಪ ಎನಿಸಿ ಮುಂದಿನ ಶನಿವಾರದಿಂದ ನಾನು ಎರಡು ಹನಿ ಹಾಕತೊಡಗಿದೆ.

ಏಳನೆಯ ಶನಿವಾರ ಎಣ್ಣೆ ಮಿಳ್ಳೆ ಹಿಡಿದು ಹೋದರೆ ಕಾಕಾ ಗೂಡಿನ ಮುಂದೆಯೇ ಕುಕ್ಕರಗಾಲಲ್ಲಿ ಕೂತಿದ್ದ. ಕಲ್ಲಿನ ಮೇಲೆ ನೀರು ಹರಡದೆ ಕೆಸುವಿನೆಲೆಯ ಮೇಲಿನಂತೆ ಮಣಿಮಣಿಯಾಗಿ ನಿಂತಿತ್ತು. ಅವನು ಅದನ್ನೇ ನೋಡುತ್ತಿದ್ದ.

"ಏನವಾ ಅದು ಕೈಯಾಗ?"

"ಎಣ್ಣಿ ರೀ ಕಾಕಾ. ಮಾರುತಿಗಿ."

"ಯಾವ ಮಾರುತಿ?"

ಕಲ್ಲು ತೋರಿಸಿದೆ. ಅವನು ಕಲ್ಲಿನ ಮೇಲೆ ಬೆರಳಾಡಿಸಿ ನೋಡಿದ.

"ಎಷ್ಟ ವಾರ ಆತು?"

"ಆರು ರೀ. ನಿಮ್ಮ ಕೈ ಸುದ್ದ ಆಗಲಿ ಅಂತ ಈಚೀಚೆಗೆ ಎರಡೆರಡ ಹನಿ ಹಾಕಾಕತ್ತೇನ್ರಿ."

ಹೊಡೆಯುತ್ತಾನೆ ಎಂದುಕೊಂಡೆ. ಅವನು ಬಯ್ಯಲೂ ಇಲ್ಲ. ಕಲ್ಲನ್ನು ಮಡಿಲಿಗೆ ಎತ್ತಿಕೊಂಡು ಹೇಳಿದ, "ನೀ ದಡ್ಡಿ ಇದ್ದಿ, ಹಾಕೀದಿ. ನಾ ಶ್ಯಾಣ್ಯಾ ಇದ್ದು ನನ್ನ ಕೈಮ್ಯಾಲ ಸಂಶೆ ಪಟ್ಟೆ. ಥೂ ನನ್ನ!" ಅವತ್ತು ಅವನು ಊರಿಗೆ ತೋರಿಸುತ್ತಿದ್ದ ತಿರಸ್ಕಾರವೆಲ್ಲ ತಿರುಗಿ ಅವನ ಮೇಲೇ ಬಿತ್ತು. ನನಗೆ ಅಳು ಬಂತು.

ಕಲ್ಲನ್ನು ಬಟ್ಟೆ ತೊಳೆಯುವ ಸೋಡಾ ನೀರಲ್ಲಿ ನೆನೆಹಾಕಿದ, ಬೂದಿ ಮೆತ್ತಿದ. ಎಣ್ಣೆ ಬಿಡಲಿಲ್ಲ. ಕೊನೆಗೆ ಎಣ್ಣೆ ಕುಡಿದ ಪದರವನ್ನೇ ಸವೆಸಲು ಚಪ್ಪಡಿಯ ಮೇಲೆ ಉಜ್ಜತೊಡಗಿದ. ದಿನವೂ ಆ ಗರಗರ ಸದ್ದು ನಮ್ಮ ಒಲೆಯ ತನಕ ಕೇಳುತ್ತಿತ್ತು, ತಿಂಗಳು ಮೀರಿ. ಒಂದು ದಿನ ಸದ್ದು ನಿಂತಿತು, ಮರುದಿನ ಅವನು ಮತ್ತೆ ಯಾರನ್ನೋ ಬೈಯುತ್ತಿದ್ದ. ನನ್ನ ಜೀವಕ್ಕೆ ಸಮಾಧಾನವಾಯಿತು.

ಕೆಲವು ವರ್ಷಗಳಲ್ಲಿ ಹೊರಗಿನಿಂದ ಮಷಿನ್ ಲಾಳಿಗಳು ಬಂದವು. ಕಾಕಾ ಗಡಹಿಂಗ್ಲಜದ ಮಗಳ ಮನೆಗೆ ಹೊರಟ. ನಾನು ಬುತ್ತಿ ಹಿಡಿದು ಮೋಟಾರ್ ಸ್ಟ್ಯಾಂಡಿಗೆ ಹೋದೆ. ಕಾಲಿಗೆ ಬಾಗಿದರೆ ಹಿಂದೆ ಸರಿದ. "ಕೈ ತೊಳಕೊಂಡ ಬಾ," ಎಂದ.

ನಳದಲ್ಲಿ ಎರಡು ಸಲ ತೊಳೆದು ಬಂದೆ. ಚೀಲದಿಂದ ಕಲ್ಲು ತೆಗೆದು ನನ್ನ ಅಂಗೈ ಮೇಲಿಟ್ಟ. ಇಟ್ಟಂಗಿಯಷ್ಟು ದಪ್ಪವಿದ್ದದ್ದು ಬೆರಳಿನಷ್ಟು ಉಳಿದಿತ್ತು. ನನ್ನ ಆರು ಶನಿವಾರ ಅದರ ಮುಕ್ಕಾಲು ತಿಂದಿದ್ದವು.

"ಮೊಮ್ಮಗನ ತನಕ ಬರತಿತ್ತು. ಇರಲಿ, ನನ್ನ ತನಕ ಬರತೈತಿ," ಎಂದು ವಾಪಸು ತೆಗೆದುಕೊಂಡ. ನಾನು ಬುತ್ತಿ ಚಾಚಿದೆ.

"ಏನೈತಿ ಇದರಾಗ?"

"ಚಪಾತಿ ರೀ."

"ಎಣ್ಣಿ ಹಚ್ಚೀ ಏನ?"

"ಹೌದ್ರಿ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಬುತ್ತಿಯನ್ನು ಮಾತ್ರ ಬೇಡವೆನ್ನಲಿಲ್ಲ. ಅದನ್ನು ಎಡಗೈಯಲ್ಲಿ, ಕಲ್ಲಿನ ಚೀಲವನ್ನು ಬಲಗೈಯಲ್ಲಿ ಹಿಡಿದು, ಎರಡೂ ಒಂದಕ್ಕೊಂದು ತಾಗದಂತೆ ತೋಳು ಅಗಲಿಸಿಕೊಂಡು, ಬಾಗಿಲಲ್ಲಿ ನಿಂತವರನ್ನೆಲ್ಲ ಬೈಯುತ್ತ ಮೋಟಾರು ಹತ್ತಿದ. ಮತ್ತೆ ನಾನು ಅವನನ್ನು ನೋಡಲಿಲ್ಲ.