ಪಾವಟಿಗೆ ಮುಚ್ಚಿದ ಅಣ್ಣತಮ್ಮಂದಿರು

ನಮ್ಮೂರು ಯಲಬುರ್ಗಾ ತಾಲ್ಲೂಕಿನದು. ಆಗ ನಿಜಾಮರ ಆಳ್ವಿಕೆ. ಕುಡಿಯುವ ನೀರಿಗೆ ಇದ್ದದ್ದು ಒಂದೇ ಬಾವಿ. ಅದರ ಪಾವಟಿಗೆ, ಅಂದರೆ ಮೆಟ್ಟಿಲು, ಇಳಿದು ಮೊಣಕಾಲುದ್ದ ನೀರಿನಲ್ಲಿ ನಿಂತು ಕೊಡ ತುಂಬಿಕೊಳ್ಳಬೇಕು. ಆ ಬಾವಿಯನ್ನು ನೋಡಿಕೊಳ್ಳುತ್ತಿದ್ದವರು ನಮ್ಮ ಎದುರು ಮನೆಯ ಅಣ್ಣತಮ್ಮಂದಿರು. ಅಣ್ಣನದು ಒಕ್ಕಲುತನ, ತಮ್ಮನದು ಬಟ್ಟೆ ಅಂಗಡಿ. ನನಗೆ ಅವರು ದೊಡ್ಡಪ್ಪ ಮತ್ತು ಕಾಕಾ. ಇಬ್ಬರೂ ಈಗಿಲ್ಲ. ಹೇಳಬೇಕಾದದ್ದನ್ನು ಕ್ರಮವಾಗಿ ಹೇಳುತ್ತೇನೆ.

ಯುಗಾದಿ ಕಳೆದ ಮೊದಲ ಸೋಮವಾರ ಇಬ್ಬರೂ ಧೋತರ ಮೇಲೆ ಕಟ್ಟಿ ಬಾವಿಗೆ ಇಳಿಯುತ್ತಿದ್ದರು. ಹೂಳು ತೆಗೆಯುವುದು ಮೂರು ದಿನದ ಕೆಲಸ. ಆಳುಗಳನ್ನು ಕರೆಯುತ್ತಿರಲಿಲ್ಲ, ಊರ ನೀರಿಗೆ ಮನೆಯವರದೇ ಕೈ ಆಗಬೇಕು ಎಂಬುದು ಅವರ ತಂದೆ ಹಾಕಿಕೊಟ್ಟ ವಾಡಿಕೆ. ದೊಡ್ಡಪ್ಪನ ಕಾಲಲ್ಲಿ ನಾರುಹುಣ್ಣು ಎದ್ದ ವರ್ಷವೂ ಅದು ತಪ್ಪಲಿಲ್ಲ. ಹುಣ್ಣಿಗೆ ಅರಿವೆ ಸುತ್ತಿಕೊಂಡೇ ಇಳಿದರು. ಊರು ಹೊಗಳಿತು.

ನಾರುಹುಣ್ಣು ಇಂದಿನವರಿಗೆ ಗೊತ್ತಿಲ್ಲ. ಕಾಲಿನ ಮೇಲೆ ಬೊಬ್ಬೆ ಎದ್ದು ಒಡೆದು, ಒಳಗಿನಿಂದ ಬಿಳಿ ದಾರದಂಥ ಹುಳು ಹೊರಬರುತ್ತದೆ. ಜಗ್ಗಿದರೆ ಹರಿದು ಕಾಲು ಕೆಡುತ್ತದೆ. ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಗಲ ಎಳೆಯಬೇಕು, ತಿಂಗಳು ಹಿಡಿಯುತ್ತದೆ. ಮುಂದಿನ ಬೇಸಿಗೆ ಮನೆಗೊಬ್ಬರು ಮಲಗಿದರು. ನಮ್ಮವ್ವನೂ ಮಲಗಿದಳು. ನನಗೆ ಹನ್ನೊಂದು ವರ್ಷ. ರೊಟ್ಟಿ ಬಡಿಯಲು ಕಲಿತದ್ದು ಆಗಲೇ.

ಜವಳಿ ತರಲು ಕೊಪ್ಪಳಕ್ಕೆ ಹೋಗಿದ್ದ ಕಾಕಾ ಅಲ್ಲಿನ ಡಾಕ್ಟರೊಬ್ಬರನ್ನು ಕೇಳಿಕೊಂಡು ಬಂದರು. ಹುಣ್ಣಿದ್ದ ಕಾಲು ನೀರಿಗಿಳಿದರೆ ಹುಳುವಿನ ಮರಿಗಳು ನೀರು ಸೇರುತ್ತವೆ, ಆ ನೀರು ಕುಡಿದವರಿಗೆ ವರ್ಷದ ಮೇಲೆ ಹುಣ್ಣು ಏಳುತ್ತದೆ. ಪಾವಟಿಗೆ ಮುಚ್ಚಿ ಮೇಲಿಂದ ಸೇದಬೇಕು, ಸೋಸಿ ಕುಡಿಯಬೇಕು. ಇದನ್ನು ಅಣ್ಣನಿಗೆ ಹೇಗೆ ಹೇಳುವುದೆಂದು ತಿಳಿಯದೆ ಕಾಕಾ ಎರಡು ದಿನ ಅಂಗಡಿಯಲ್ಲೇ ಉಂಡರಂತೆ.

ಹೇಳಿದ ಮೇಲೆ ಇಬ್ಬರೂ ಸೇರಿ ರಾಟೆ ಹಾಕಿದರು. ಊರವರು ಪಾವಟಿಗೆ ಬಿಡಲಿಲ್ಲ. ಹಗ್ಗ ಜಗ್ಗಿ ತೋಳು ಸೋಲುತ್ತದೆ ಎಂದರು, ಹಿರಿಯರು ಇಳಿದ ಬಾವಿ ಎಂದರು. ಮುಳ್ಳು ಹಚ್ಚಿದರೆ ಸರಿಸಿ ಇಳಿದರು. ಹೀಗೇ ನಡೆದರೆ ಅವ್ವ ಮತ್ತೆ ಮಲಗುವವಳೇ ಎಂಬ ಭಯ ನನಗೆ.

ಒಂದು ಮುಂಜಾನೆ ನೀರಿನ ಹೊತ್ತಿಗೆ ದೊಡ್ಡಪ್ಪ ಬಂದು ಪಾವಟಿಗೆಗೆ ಅಡ್ಡ ಕುಳಿತರು. ನಾನೂ ಕೊಡ ಹಿಡಿದು ನಿಂತಿದ್ದೆ. ನನ್ನ ಮುಂದಿದ್ದ ಮುದುಕಿ ಸಿಟ್ಟಾದಳು.

"ಏಳಪಾ, ನಿಮ್ಮಪ್ಪನ ಬಾವ್ಯೇನು ಇದು?"

"ಅಲ್ಲಬೇ. ಆದ್ರ ಇದರಾಗ ಹುಳ ಬಿಟ್ಟಾಂವ ನಾನ." ದೊಡ್ಡಪ್ಪ ಕಾಲಿನ ಕಲೆ ತೋರಿಸಿದರು. "ಈ ಕಾಲು ತಗೊಂಡು ಮೂರು ದಿನ ನೀರಾಗ ನಿಂತೆ. ಆ ನೀರು ನೀವು ಕುಡದ್ರಿ. ಬೈಯೂದಿದ್ರ ಬೈರಿ. ಇಳಿಯೂದು ಮಾತ್ರ ಬ್ಯಾಡ."

ಹಿಂದೆ ನಿಂತಿದ್ದ ಕಾಕಾ ಮುಂದೆ ಬಂದರು. "ಅಣ್ಣ ಒಬ್ಬಾಂವಂದ ಅಲ್ಲರಿ. ಹುಣ್ಣು ನೋಡೀನೂ ನಾ ಬ್ಯಾಡ ಅನ್ನಲಿಲ್ಲ."

"ನೀ ಸುಮ್ನಿರು," ಎಂದರು ದೊಡ್ಡಪ್ಪ.

"ಯಾಕ ಸುಮ್ನಿರ್ಲಿ?"

ಮುದುಕಿ ಇಬ್ಬರನ್ನೂ ನೋಡಿದಳು. "ಹೊಲಕ್ಕ ಬಡದಾಡೋ ಅಣ್ತಮ್ಮರನ್ನ ನೋಡೀನಿ. ತಪ್ಪು ನಂದು ನಂದು ಅಂತ ಬಡದಾಡೋರನ್ನ ಇವತ್ತ ನೋಡಿದೆ. ಕೊಡ್ರಿ ಇಲ್ಲೆ ಆ ಹಗ್ಗ."

ಮೊದಲ ಕೊಡ ಅವಳೇ ಸೇದಿದಳು. ಆ ದಿನವೇ ಪಾವಟಿಗೆಗೆ ಕಲ್ಲು ಬಿದ್ದವು.

ಕುಡಿದಾಗಿದ್ದ ನೀರಿನ ಫಲ ಮಾತ್ರ ತಪ್ಪಲಿಲ್ಲ. ಮರು ಬೇಸಿಗೆ ಅವ್ವನ ಇನ್ನೊಂದು ಕಾಲಲ್ಲಿ ಹುಣ್ಣು ಎದ್ದಿತು. ಪಾವಟಿಗೆ ಮುಚ್ಚಿ ಏನು ಬಂತು ಎಂದು ಕೆಲವರು ಆಡಿಕೊಂಡರು. ಅಣ್ಣತಮ್ಮಂದಿರು ಎದುರಾಡಲಿಲ್ಲ. ಕಾಕಾ ಅಂಗಡಿಯ ಬಿಳಿ ಅರಿವೆ ಕತ್ತರಿಸಿ ಸೋಸಲು ಮನೆಗೊಂದು ಹಂಚಿದರು. ದೊಡ್ಡಪ್ಪ ಪ್ರತಿ ಸೋಮವಾರ ಮನೆಮನೆಗೆ ಹೋಗಿ ಕಾಲು ನೋಡತೊಡಗಿದರು. ಒಂದು ವಾರವೂ ತಪ್ಪಿಸಲಿಲ್ಲ.

ಅದರ ಮುಂದಿನ ಬೇಸಿಗೆಯ ಕೊನೆಯ ಸೋಮವಾರ ನಮ್ಮ ಮನೆಗೆ ಬಂದರು. ಅವ್ವ ಸೀರೆಯ ಅಂಚು ಸರಿಸಿ ಎರಡೂ ಪಾದ ತೋರಿಸಿದಳು. ಹಳೆಯ ಕಲೆ ಬಿಟ್ಟರೆ ಏನೂ ಇರಲಿಲ್ಲ. ದೊಡ್ಡಪ್ಪ ಬಹಳ ಹೊತ್ತು ನೋಡಿದರು. ನಂತರ ಕಟ್ಟೆಯ ಮೇಲೆ ಕುಳಿತು, ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ನೀರು ಕೇಳಿದರು. ನಾನು ತಂದುಕೊಟ್ಟ ತಂಬಿಗೆಯೊಳಗೆ ಬಗ್ಗಿ ನೋಡಿದರು.

"ಸೋಸೀರೇನ?"

"ಸೋಸಲಾರದ ಕೊಟ್ಟು ಈ ಊರಾಗ ಬಾಳ್ವಿ ಮಾಡಾಕ ಆಗ್ತೈತೇನ್ರಿ ಭಾವಾರ?" ಎಂದಳು ಅವ್ವ.

ದೊಡ್ಡಪ್ಪ ನಕ್ಕು, ತಂಬಿಗೆ ಎತ್ತಿ ಪೂರ್ತಿ ಕುಡಿದರು.